ಧ್ಯಾನ ಮಾಡಿದರ ಗುಳಿಗಿ ಬಿಡಬಹುದೇನು?



ಇವತ್ತಿನ ಮಾತು ಧ್ಯಾನದ ಬಗ್ಗೆ. ನಾನು ಗುರುಗಳೂ ಅಲ್ಲ, ಡಾಕ್ಟರೂ ಅಲ್ಲ. ಧ್ಯಾನ ಮಾಡಿದವರ ಮೈಯಲ್ಲಿ, ಮನಸ್ಸಿನಲ್ಲಿ ಏನು ಬದಲಾಗ್ತದ ಅಂತ ವಿಜ್ಞಾನಿಗಳು ಅರವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಳೆದು ನೋಡ್ತಾ ಬಂದಾರ. ಅವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಅದನ್ನು ನಿಮ್ಮ ಮುಂದೆ ಇಡ್ತೇನೆ.

ಈ ವಿಷಯ ಯಾಕ ತಗೊಂಡೆ ಅಂದ್ರ, ನೀವು ಈಗ ಓದುವವರಾಗಿದ್ದೀರಿ. ವಿಜಯಪುರ, ಕಲಬುರಗಿ ಕಡೆಯಿಂದ ಬರುವ ಬಸ್ಸಿನ ಬೋರ್ಡು ಓದ್ತೀರಿ. ಬಾಗಿಲಿಗೆ ಬಂದ ಹ್ಯಾಂಡ್‌ಬಿಲ್ಲೂ ಓದ್ತೀರಿ. ಅಂಥ ಒಂದು ಹ್ಯಾಂಡ್‌ಬಿಲ್ ನಮ್ಮ ಕೇಂದ್ರಕ್ಕೂ ಬಂತು. ಧ್ಯಾನ ಮಾಡಿದರೆ ಬಿ.ಪಿ., ಸಕ್ಕರೆ ರೋಗ, ಚಿಂತೆ ಎಲ್ಲ ಹೋಗ್ತದ, ಗುಳಿಗೆ ಬೇಕಾಗಿಲ್ಲ, ಇದನ್ನು ವಿಜ್ಞಾನಿಗಳೇ ಸಿದ್ಧ ಮಾಡ್ಯಾರ ಅಂತ ಅದರಾಗಿತ್ತು. ಅದನ್ನು ಓದಿ ನಮ್ಮ ಕೇಂದ್ರದ ಒಬ್ಬ ಅಕ್ಕಾರು ಬಿ.ಪಿ. ಗುಳಿಗೆ ತಗೊಳ್ಳೋದು ನಿಲ್ಲಿಸಿಬಿಟ್ಟರು. ಆಶಾ ಕಾರ್ಯಕರ್ತೆ ಬಂದು ಅಳೆದಾಗ ಬಿ.ಪಿ. ಬಹಳ ಏರಿತ್ತು. ದೇವರ ದಯೆ, ಕೆಟ್ಟದ್ದು ಏನೂ ಆಗಲಿಲ್ಲ. ಈಗ ಮತ್ತೆ ಗುಳಿಗೆ ತಗೊಳ್ತಿದ್ದಾರ. ಆದರೆ ಅವರು ನನಗೆ ಒಂದು ಮಾತು ಕೇಳಿದರು. "ಬಾಯಾರ, ಅಚ್ಚು ಹಾಕಿದ ಕಾಗದದಾಗ ಸುಳ್ಳು ಬರೀತಾರೇನ್ರಿ?"

ಪೂರಾ ಸುಳ್ಳು ಬರೆದಿದ್ದರೆ ಉತ್ತರ ಸಸಾರ ಇತ್ತು. ಈ ಹ್ಯಾಂಡ್‌ಬಿಲ್ಲಿನಲ್ಲಿ ಅರ್ಧ ಖರೆ ಇತ್ತು. ಅರ್ಧ ಖರೆ ಇರುವ ಕಾಗದವನ್ನೇ ಹೆಚ್ಚು ಹುಷಾರಾಗಿ ಓದಬೇಕು.

ಧ್ಯಾನ ನಮಗೇನು ಹೊಸದಲ್ಲ. ನಮ್ಮ ಸೊಲ್ಲಾಪುರ ಸಿದ್ಧರಾಮೇಶ್ವರರ ಊರು. 12ನೆಯ ಶತಮಾನದ ಆ ಶರಣರನ್ನು ಶಿವಯೋಗಿ ಅಂತಲೇ ಕರೀತಾರ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸಿ ಕೂಡ್ರುವವರು ನಮ್ಮ ಮನೆಗಳಲ್ಲಿ ಇದ್ದಾರ. ಜಪಮಣಿ ಎಣಿಸುವವರಿದ್ದಾರ, ತಸ್ಬಿ ಎಣಿಸುವವರಿದ್ದಾರ. ಅವರ ಭಕ್ತಿಯನ್ನು ಯಾವ ಯಂತ್ರವೂ ಅಳೆಯೋದಿಲ್ಲ. ವಿಜ್ಞಾನಿಗಳು ಆ ಗೊಡವೆಗೆ ಹೋಗಲೂ ಇಲ್ಲ. ಅವರು ಅಳೆದದ್ದು ಎದೆಬಡಿತ, ಉಸಿರು, ರಕ್ತದ ಒತ್ತಡ, ಮಿದುಳಿನ ತರಂಗ, ಮನಸ್ಸಿನ ಕಳವಳ ಇಷ್ಟನ್ನೇ.

ಮೊದಲು ಎದೆಬಡಿತದ ಕಥೆ ಹೇಳ್ತೇನೆ. ಇದು ನನಗೆ ಬಹಳ ಸೇರಿದ ಕಥೆ.

ಕೆಲವು ಯೋಗಿಗಳು ತಮ್ಮ ಹೃದಯವನ್ನೇ ನಿಲ್ಲಿಸಬಲ್ಲರು ಅಂತ ಮೊದಲಿನಿಂದ ಮಾತಿತ್ತು. 1935ರಲ್ಲಿ ಫ್ರಾನ್ಸ್ ದೇಶದ ಹೃದಯ ವೈದ್ಯೆ ತೆರೇಸ್ ಬ್ರಾಸ್ ಯಂತ್ರ ಹೊತ್ತುಕೊಂಡು ಭಾರತಕ್ಕೆ ಬಂದರು. ಒಬ್ಬ ಯೋಗಿಯ ಹೃದಯದ ಗೆರೆ ಆ ಯಂತ್ರದಲ್ಲಿ ಹೆಚ್ಚುಕಡಿಮೆ ಮಾಯವಾದಂತೆ ಕಂಡಿತು. ಸುದ್ದಿ ದೊಡ್ಡದಾಯಿತು. 1957ರಲ್ಲಿ ಅಮೇರಿಕದಿಂದ ವೆಂಗರ್ ಮತ್ತು ಭಾರತ ಮೂಲದ ಬಾಗ್ಚಿ ಎಂಬ ಇಬ್ಬರು ವಿಜ್ಞಾನಿಗಳು ಇನ್ನೂ ಒಳ್ಳೆಯ ಯಂತ್ರ ತಂದರು. ದಿಲ್ಲಿಯ ಏಮ್ಸ್ ಸಂಸ್ಥೆಯ ಡಾ. ಬಿ.ಕೆ. ಆನಂದ್ ಅವರ ಜೋಡಿ ಕೂಡಿದರು. ಹೃದಯ ನಿಲ್ಲಿಸ್ತೇವೆ ಅಂದವರನ್ನು ಕೂಡ್ರಿಸಿ ಪರೀಕ್ಷೆ ಮಾಡಿದರು. ಯೋಗಿಗಳು ಉಸಿರು ಬಿಗಿಹಿಡಿದು, ಎದೆ-ಹೊಟ್ಟೆ ಗಟ್ಟಿ ಮಾಡಿದರು. ಕೈನಾಡಿ ಹಿಡಿದು ನೋಡಿದರೆ ನಾಡಿ ಸಿಗವಲ್ದು. ಎದೆಗೆ ಕೊಳವೆ ಹಚ್ಚಿ ಕೇಳಿದರೆ ಸಪ್ಪಳ ಸರಿಯಾಗಿ ಕೇಳಿಸವಲ್ದು. ನೋಡಿದವರು ಹೃದಯ ನಿಂತೇ ಹೋಯಿತು ಅನ್ನಬೇಕು. ಆದರೆ ಇ.ಸಿ.ಜಿ. ಯಂತ್ರದ ಕಾಗದದ ಮೇಲೆ ಗೆರೆ ಏರಿಳಿಯುತ್ತಲೇ ಇತ್ತು. ಹೃದಯ ಬಡಿತಾನೇ ಇತ್ತು.

ಇದು ಹೆಂಗ? ನಿಮ್ಮ ಬಾವಿಯ ಮೋಟರ್ ನೆನಪು ಮಾಡಿಕೊಳ್ರಿ. ನೀರು ಎಳೆಯುವ ಪೈಪು ಕಟ್ಟಿಕೊಂಡರೆ ಮೋಟರ್ ತಿರುಗ್ತಾನೇ ಇರ್ತದ, ಕಾಲುವೆಗೆ ಮಾತ್ರ ನೀರು ಬರೋದಿಲ್ಲ. ಹಂಗೇ ಎದೆಯೊಳಗೆ ಒತ್ತಡ ಏರಿದರೆ ಹೃದಯಕ್ಕೆ ಮರಳಿ ಬರುವ ರಕ್ತ ಕಡಿಮೆ ಆಗ್ತದ. ಹೃದಯ ಬಡಿದರೂ ಕೈಗೆ ನಾಡಿ ಸಿಗೋದಿಲ್ಲ. ಅವರು ಮೋಸ ಮಾಡಿದರು ಅಂತ ತಿಳೀಬ್ಯಾಡ್ರಿ. ಅವರಿಗೂ ಹೃದಯ ನಿಂತಂಗ ಅನಿಸಿರಬಹುದು. ಇನ್ನೊಬ್ಬ ಯೋಗಿ ಎದೆಬಡಿತವನ್ನು ನಿಧಾನ ಮಾಡಿ ತೋರಿಸಿದ್ದೂ ಅದೇ ವರದಿಯಲ್ಲಿದೆ. ಅದು 1961ರಲ್ಲಿ ಅಚ್ಚಾಯಿತು. ಇದ್ದದ್ದನ್ನು ಇದೆ ಅಂದರು, ಇಲ್ಲದ್ದನ್ನು ಇಲ್ಲ ಅಂದರು. ನನಗೆ ಸೇರಿದ್ದು ಅದೇ.

ಅದೇ 1961ರಲ್ಲಿ ಡಾ. ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಇನ್ನೊಂದು ವರದಿ ಕೊಟ್ಟರು. ನಾಲ್ಕು ಮಂದಿ ಯೋಗಿಗಳ ತಲೆಗೆ ತಂತಿ ಹಚ್ಚಿ ಮಿದುಳಿನ ತರಂಗ ನೋಡಿದರು. ನಾವು ಕಣ್ಣು ಮುಚ್ಚಿ ಆರಾಮ ಕೂತಾಗ ಆಲ್ಫಾ ಅನ್ನುವ ಶಾಂತ ತರಂಗ ಬರ್ತದ. ಯಾರಾದರೂ ಢಬ್ ಅಂತ ಸಪ್ಪಳ ಮಾಡಿದರೆ ಅದು ತಟ್ಟನೆ ಕೆಡ್ತದ. ಧ್ಯಾನದಲ್ಲಿ ಮುಳುಗಿದ ಯೋಗಿಗಳಿಗೆ ಸಪ್ಪಳ ಮಾಡಿದರೂ, ಬೆಳಕು ಬಿಟ್ಟರೂ, ಬಿಸಿ ತಾಗಿಸಿದರೂ ಅದು ಕೆಡಲಿಲ್ಲ. ಇನ್ನಿಬ್ಬರು ಯೋಗಿಗಳು 4 ಡಿಗ್ರಿ ತಣ್ಣನೆಯ ನೀರಿನಲ್ಲಿ ಮುಕ್ಕಾಲು ತಾಸಿಗಿಂತ ಹೆಚ್ಚು ಹೊತ್ತು ಕೈ ಇಟ್ಟು ಕೂತರು. ಶಾಂತ ತರಂಗ ಹಂಗೇ ಇತ್ತು. ಬರ್ಫದ ನೀರಿನಲ್ಲಿ ನೀವು ಒಂದೆರಡು ನಿಮಿಷ ಕೈ ಇಟ್ಟು ನೋಡ್ರಿ, ತಿಳೀತದ.

ಆದರೆ ಇವರು ವರ್ಷಾನುಗಟ್ಟಲೆ ಸಾಧನೆ ಮಾಡಿದವರು, ಅದೂ ಬೆರಳೆಣಿಕೆಯಷ್ಟು ಮಂದಿ. ಬೀಡಿ ಕಟ್ಟುವ, ಪವರ್‌ಲೂಮಿನಲ್ಲಿ ದುಡಿಯುವ, ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವ ನಮಗೆ ಇದರಿಂದ ಏನು? ಅದನ್ನು ತಿಳಿಯಬೇಕಾದರೆ ಸಾಮಾನ್ಯ ಮಂದಿಯನ್ನು ಅಳೆಯಬೇಕು.

ಆ ಕೆಲಸ ಅಮೇರಿಕದಲ್ಲಿ ಸುರುವಾಯಿತು. ರಾಬರ್ಟ್ ಕೀತ್ ವಾಲೇಸ್ ಮತ್ತು ಹಾರ್ವರ್ಡಿನ ಹೃದಯ ವೈದ್ಯ ಹರ್ಬರ್ಟ್ ಬೆನ್ಸನ್ ಅವರು ಮಹರ್ಷಿ ಮಹೇಶ ಯೋಗಿಗಳ ಪದ್ಧತಿಯ ಧ್ಯಾನ ಕಲಿತ 36 ಮಂದಿಯನ್ನು ಪರೀಕ್ಷಿಸಿದರು. ವರದಿಗಳು 1970ರಿಂದ 1972ರ ನಡುವೆ ಬಂದವು. ಧ್ಯಾನಕ್ಕೆ ಕೂತ ಸ್ವಲ್ಪ ಹೊತ್ತಿನಲ್ಲೇ ಮೈ ಬಳಸುವ ಆಮ್ಲಜನಕ ಸುಮಾರು 17 ಪರ್ಸೆಂಟ್ ಇಳಿಯಿತು, ಎದೆಬಡಿತ ತಗ್ಗಿತು ಅಂತ ಬರೆದರು. ಜಗತ್ತಿಗೆಲ್ಲ ಆಶ್ಚರ್ಯ.

ಇಲ್ಲಿ ಒಂದು ಪ್ರಶ್ನೆ ಬರ್ತದ. ಧ್ಯಾನ ಮಾಡದೆ ಸುಮ್ಮನೆ ಕಟ್ಟೆ ಮೇಲೆ ಕಣ್ಣು ಮುಚ್ಚಿ ಕೂತರೆ? ಮೈ ಆಗಲೂ ತಣ್ಣಗಾಗ್ತದ, ಹೌದಲ್ಲೋ? ಡೇವಿಡ್ ಹೋಮ್ಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಹಿಡಿದರು. ಧ್ಯಾನ ಮಾಡಿದವರನ್ನು ಸುಮ್ಮನೆ ವಿಶ್ರಾಂತಿ ಪಡೆದವರ ಜೋಡಿ ಹೋಲಿಸಿದ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಓದಿದರು. ಮೈ ಶಾಂತವಾಗುವ ಮಟ್ಟಿಗೆ ಇಬ್ಬರಲ್ಲೂ ಅಂಥ ಫರಕು ಕಾಣಲಿಲ್ಲ ಅಂತ 1984ರಲ್ಲಿ ಬರೆದರು.

ಈ ಹೋಲಿಕೆಯ ಮಾತು ಸ್ವಲ್ಪ ಬಿಡಿಸಿ ಹೇಳ್ತೇನೆ. ಇದು ತಿಳಿದರೆ ಎಂಥ ಹ್ಯಾಂಡ್‌ಬಿಲ್ ಬಂದರೂ ಅಂಜಬೇಕಾಗಿಲ್ಲ.

ಹೊಸ ಜೋಳದ ಬೀಜ ಬಂದದ ಅಂತ ತಿಳಿಯಿರಿ. ಮಾರುವವನು ತನ್ನ ಬೆಳೆ ತೋರಿಸ್ತಾನ. ತೆನೆ ಇಷ್ಟಿಷ್ಟು ದಪ್ಪ. ನೀವು ಒಮ್ಮೆಲೇ ನಂಬ್ತೀರಾ? ನಂಬೋದಿಲ್ಲ. "ಅವನ ಹೊಲ ಎರಿ ಮಣ್ಣು, ನಮ್ಮದು ಮಸಾರಿ. ಅವಂಗ ನೀರದ, ನಮಗಿಲ್ಲ" ಅಂತೀರಿ. ತೆನೆ ದಪ್ಪ ಆಗಿದ್ದು ಬೀಜದಿಂದಲೋ, ಮಣ್ಣಿನಿಂದಲೋ, ಅದು ಹೆಂಗ ಗೊತ್ತಾಗಬೇಕು? ಒಂದೇ ಹೊಲದಲ್ಲಿ ಒಂದು ಪಟ್ಟಿ ಹೊಸ ಬೀಜ, ಪಕ್ಕದ ಪಟ್ಟಿ ನಮ್ಮ ಮಾಲದಂಡಿ ಬಿತ್ತಿ ನೋಡಬೇಕು. ಆಗ ನಿಜ ತಿಳೀತದ.

ಧ್ಯಾನಕ್ಕೂ ಹಂಗೇ. ಧ್ಯಾನದ ಶಿಬಿರಕ್ಕೆ ಯಾರು ಬರ್ತಾರ? ಹೊತ್ತು ಇದ್ದವರು, ಹೊಟ್ಟೆ ತುಂಬಿದವರು, ಕುಡಿತ-ತಂಬಾಕಿನಿಂದ ದೂರ ಇರುವವರು ಹೆಚ್ಚು. ಅವರ ಆರೋಗ್ಯ ಚೆನ್ನಾಗಿದ್ದರೆ ಅದು ಧ್ಯಾನದ ಗುಣವೋ, ಅವರ ಬದುಕಿನ ಗುಣವೋ? ಅದಕ್ಕೇ ವಿಜ್ಞಾನಿಗಳು ಚೀಟಿ ಎತ್ತಿದಂಗ ಮಾಡ್ತಾರ. ನೂರು ಮಂದಿ ಬಂದರೆ, ಯಾರು ಧ್ಯಾನಕ್ಕೆ, ಯಾರು ಬೇರೆ ಉಪಚಾರಕ್ಕೆ ಅನ್ನೋದು ಚೀಟಿಯೇ ಹೇಳಬೇಕು. ಇದರಾಗ ಯಾರ ಇಷ್ಟವೂ ನಡೆಯೋದಿಲ್ಲ. ಎರಡೂ ಗುಂಪು ಒಂದೇ ಹೊಲದ ಎರಡು ಪಟ್ಟಿ ಇದ್ದಂಗ ಆಗ್ತಾವ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂಥ ಒಂದು ಪರೀಕ್ಷೆ ಆಗಿ, 2000ನೇ ಇಸವಿಯಲ್ಲಿ ವರದಿ ಬಂತು. ಮನಸ್ಸು ಪೂರಾ ಕುಸಿದ ಖಿನ್ನತೆಯ 45 ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿಕೊಂಡರು. 15-15 ಮಂದಿಯ ಮೂರು ಗುಂಪು. ಒಂದಕ್ಕೆ ಕರೆಂಟ್ ಉಪಚಾರ, ಒಂದಕ್ಕೆ ಗುಳಿಗೆ, ಒಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಸಾಧನೆ. ನಾಲ್ಕು ವಾರದ ಮೇಲೆ ನೋಡಿದರೆ ಕರೆಂಟ್ ಗುಂಪಿನಲ್ಲಿ 14 ಮಂದಿ, ಗುಳಿಗೆ ಗುಂಪಿನಲ್ಲಿ 11 ಮಂದಿ, ಉಸಿರಾಟದ ಗುಂಪಿನಲ್ಲಿ 10 ಮಂದಿ ಚೇತರಿಸಿಕೊಂಡಿದ್ದರು. ಉಸಿರಾಟ ಗುಳಿಗೆಯ ಹತ್ತಿರ ಹತ್ತಿರ ಬಂತು. ಇದು ಸಣ್ಣ ಮಾತಲ್ಲ. ಆದರೆ ಮಂದಿ ಕಡಿಮೆ. ಮತ್ತೊಂದು, ಅವರೆಲ್ಲ ಡಾಕ್ಟರ ಕಣ್ಣಮುಂದೆ ಇದ್ದರು. ಮನೆಯಲ್ಲಿ ಯಾರಿಗೂ ಹೇಳದೆ ಗುಳಿಗೆ ಬಿಟ್ಟು ಕೂತವರಲ್ಲ.

ಇನ್ನು ದೊಡ್ಡ ಲೆಕ್ಕಕ್ಕೆ ಬರೋಣ. 1979ರಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಎಂಟು ವಾರದ ಒಂದು ಪಾಠ ಸುರು ಮಾಡಿದರು. ಬೌದ್ಧರ ಧ್ಯಾನದಿಂದ ತಗೊಂಡದ್ದು, ಆದರೆ ಪೂಜೆ-ಮಂತ್ರ ಇಲ್ಲ. ಉಸಿರಿನ ಮೇಲೆ, ಮೈ ಮೇಲೆ ಗಮನ ಇಟ್ಟು ಕೂಡ್ರೋದು. ಅರಿವಿನ ಧ್ಯಾನ ಅನ್ನೋಣ. ಎಷ್ಟು ಔಷಧ ಮಾಡಿದರೂ ಸೊಂಟನೋವು, ಮೈಕೈ ನೋವು ಹೋಗದವರು ಮೊದಮೊದಲು ಅಲ್ಲಿಗೆ ಬಂದರು. ಎಂಟು ವಾರದ ಪಾಠ, ಎಲ್ಲ ಕಡೆ ಒಂದೇ ರೀತಿ. ಹಿಂಗಾಗಿ ಅಳೆಯಲಿಕ್ಕೆ ಅನುಕೂಲ ಆಯಿತು. ಊರೂರಲ್ಲಿ ಪರೀಕ್ಷೆ ನಡೆದವು.

2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಧ್ಯಾನಗಳ ಪರೀಕ್ಷೆಗಳನ್ನೆಲ್ಲ ಜರಡಿ ಹಿಡಿದರು. 18,000ಕ್ಕೂ ಹೆಚ್ಚು ಬರಹಗಳಲ್ಲಿ ಸರಿಯಾಗಿ ಹೋಲಿಕೆ ಮಾಡಿದ್ದು 47 ಮಾತ್ರ ಉಳಿದವು. ನೋಡ್ರಿ, ಎಷ್ಟು ಹೊಟ್ಟು ಹಾರಿಹೋಯಿತು! ಆ 47ರಲ್ಲಿ 3,515 ಮಂದಿ ಇದ್ದರು. ಅರಿವಿನ ಧ್ಯಾನದಿಂದ ಕಳವಳ, ಖಿನ್ನತೆ, ನೋವು ಸ್ವಲ್ಪ ಕಡಿಮೆ ಆಗ್ತದ ಅಂತ ಸಿಕ್ಕಿತು. ಬಹಳ ಅಲ್ಲ, ಸ್ವಲ್ಪ. ನಿದ್ದೆ, ತೂಕ, ಚಟ ಬಿಡಿಸೋದು ಇವುಗಳ ಬಗ್ಗೆ ಸಾಕಷ್ಟು ಪುರಾವೆ ಸಿಗಲಿಲ್ಲ. ಔಷಧ, ವ್ಯಾಯಾಮದಂಥ ಉಪಾಯಗಳಿಗಿಂತ ಧ್ಯಾನ ಹೆಚ್ಚು ಅನ್ನಲಿಕ್ಕೂ ಪುರಾವೆ ಸಿಗಲಿಲ್ಲ.

ಆಮೇಲೆ ಬಂದ ಒಂದು ಪರೀಕ್ಷೆ ಎಲ್ಲಕ್ಕಿಂತ ಸೊಗಸಾಗಿದೆ. ಅದರ ವರದಿ 2022ರದು. ಅಮೇರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಡಾ. ಎಲಿಜಬೆತ್ ಹೋಗ್ ಮತ್ತು ಅವರ ಸಂಗಡಿಗರು ಮಾಡಿದ್ದು. ಸದಾ ಕಳವಳ, ಎದೆ ಢವಢವ, ಏನೋ ಕೆಟ್ಟದ್ದು ಆಗ್ತದ ಅನ್ನುವ ಹೆದರಿಕೆ, ಇಂಥ ಬ್ಯಾನಿ ಇದ್ದ 276 ಮಂದಿ. ಚೀಟಿ ಎತ್ತಿದಂಗ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಎಂಟು ವಾರದ ಧ್ಯಾನದ ಪಾಠ. ಇನ್ನೊಂದು ಪಾಲಿಗೆ ಎಸ್ಸಿಟಾಲೋಪ್ರಾಮ್ ಎಂಬ ಗುಳಿಗೆ. ಅದನ್ನು ಈ ಬ್ಯಾನಿಗೆ ನಮ್ಮ ಕಡೆಯ ಡಾಕ್ಟರೂ ಕೊಡ್ತಾರ. ಯಾರು ಧ್ಯಾನದವರು, ಯಾರು ಗುಳಿಗೆಯವರು ಅಂತ ಪರೀಕ್ಷೆ ಮಾಡುವವರಿಗೆ ಹೇಳಿರಲಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲ್ತದ ನೋಡ್ರಿ.

ಎಂಟು ವಾರ ಆಯಿತು. ಬ್ಯಾನಿಯ ಜೋರು ಅಳೆಯಲಿಕ್ಕೆ 1ರಿಂದ 7ರವರೆಗೆ ಅಂಕಿ ಇಟ್ಟಿದ್ದರು. ಎರಡೂ ಗುಂಪು ನಾಲ್ಕೂವರೆ ಆಸುಪಾಸಿನಿಂದ ಮೂರರ ಹತ್ತಿರ ಇಳಿದವು. ಸರಿಸಮ ಅಂತಲೇ ಹೇಳಬೇಕು. ಗುಳಿಗೆ ತಗೊಂಡ ನೂರರಲ್ಲಿ 78 ಮಂದಿಗಿಂತ ಹೆಚ್ಚು ಜನ ಏನಾದರೂ ಅಡ್ಡ ಪರಿಣಾಮ ಹೇಳಿದರು. ಧ್ಯಾನದವರಲ್ಲಿ ನೂರಕ್ಕೆ 15 ಮಂದಿ. ಕಳವಳದ ಬ್ಯಾನಿಗೆ ಧ್ಯಾನವೂ ಒಂದು ಉಪಚಾರ ಅಂತ ಈಗ ಧೈರ್ಯವಾಗಿ ಹೇಳಬಹುದು.

ಆದರೆ ಒಂದು ಲೆಕ್ಕ ನೆನಪಿಡ್ರಿ. ಅವರು ವಾರಕ್ಕೆ ಒಮ್ಮೆ ಎರಡೂವರೆ ತಾಸು ಗುರುಗಳ ಹತ್ತಿರ ಕೂತರು. ಮನೆಯಲ್ಲಿ ದಿನಾಲು 45 ನಿಮಿಷ. ಸಾವಿರ ಬೀಡಿ ಕಟ್ಟಿ, ರೊಟ್ಟಿ ಬಡಿದು, ನೀರು ತಂದು, ಆಮೇಲೆ 45 ನಿಮಿಷ ಎಲ್ಲಿಂದ ತರಬೇಕು? ಇದಕ್ಕೆ ಉತ್ತರ ಆ ವರದಿಯಲ್ಲಿಲ್ಲ. ಗಂಡಸರು ಒಂದು ಕೊಡ ನೀರು ತಂದರೆ ಹತ್ತು ನಿಮಿಷ ಉಳೀತದ ಅಂತ ನನ್ನ ಲೆಕ್ಕ. ನಗಬ್ಯಾಡ್ರಿ ಅಣ್ಣಾರ, ಖರೆ ಹೇಳ್ತೇನೆ.

ಇನ್ನೂ ಎರಡು-ಮೂರು ಮಾತು ಬೇಗ ಮುಗಿಸ್ತೇನೆ. ಧ್ಯಾನ ಮಾಡಿದರೆ ಮಿದುಳು ಬೆಳೀತದ ಅಂತ ಕೇಳಿರಬಹುದು. 2005ರಲ್ಲಿ 20 ಮಂದಿ ಸಾಧಕರ ಮಿದುಳು ನೋಡಿ, ಕೆಲವು ಭಾಗ ದಪ್ಪ ಇದೆ ಅಂದಿದ್ದರು. 2022ರಲ್ಲಿ ಅಮೇರಿಕದ ವಿಸ್ಕಾನ್ಸಿನ್‌ನವರು 200ಕ್ಕೂ ಹೆಚ್ಚು ಮಂದಿಯನ್ನು ಎಂಟು ವಾರದ ಪಾಠದ ಮುಂಚೆ, ಆಮೇಲೆ ಹೋಲಿಸಿ ನೋಡಿದರು. ಮಿದುಳಿನ ಆಕಾರದಲ್ಲಿ ಅಂಥ ಬದಲು ಕಾಣಲಿಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ನಡೆದ ಪರೀಕ್ಷೆಯ ವರದಿಯೂ 2022ರಲ್ಲೇ ಬಂತು. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಧ್ಯಾನ ಕಲಿಸಿದರೂ, ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಸಿಗಲಿಲ್ಲ.

ಧ್ಯಾನದಿಂದ ತೊಂದರೆ ಆಗೋದೇ ಇಲ್ಲ ಅನ್ನೋದೂ ತಪ್ಪು. 83 ವರದಿಗಳನ್ನು ಕೂಡಿಸಿ 2020ರಲ್ಲಿ ಲೆಕ್ಕ ಹಾಕಿದಾಗ, ನೂರರಲ್ಲಿ ಸುಮಾರು 8 ಮಂದಿಗೆ ಹೆದರಿಕೆ, ದುಃಖದಂಥ ತ್ರಾಸು ಆಗಿತ್ತು. ಕಣ್ಣು ಮುಚ್ಚಿದಾಗ ಹಳೇ ನೋವು ಎದ್ದು ಬಂದರೆ, ಹೆದರಿಕೆ ಹೆಚ್ಚಾದರೆ ಅಲ್ಲಿಗೇ ಬಿಟ್ಟು ಎದ್ದುಬಿಡ್ರಿ. ನಿಮ್ಮ ಭಕ್ತಿ ಕಡಿಮೆ ಆಯಿತು ಅಂತ ಯಾರಾದರೂ ಹೇಳಿದರೆ ಕೇಳಬ್ಯಾಡ್ರಿ. ಡಾಕ್ಟರಿಗೆ ಹೇಳ್ರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿಯೂ ಅದ. ನಂಬರು 14416. ದುಡ್ಡು ಬೀಳೋದಿಲ್ಲ.

ಈಗ ಬಿ.ಪಿ. ಮಾತು. ಧ್ಯಾನದಿಂದ ಬಿ.ಪಿ. ಸ್ವಲ್ಪ ಇಳಿಯಬಹುದು ಅಂತ ಕೆಲವು ಪರೀಕ್ಷೆಗಳು ಹೇಳ್ತಾವ. ಅಮೇರಿಕದ ಹೃದಯ ವೈದ್ಯರ ದೊಡ್ಡ ಸಂಘ ಅವನ್ನೆಲ್ಲ ಪರಿಶೀಲಿಸಿ 2017ರಲ್ಲಿ ಅಭಿಪ್ರಾಯ ಕೊಟ್ಟಿತು. ಡಾಕ್ಟರು ಹೇಳಿದ ಉಪಚಾರದ ಜೋಡಿ ಧ್ಯಾನವನ್ನೂ ಮಾಡಬಹುದು ಅಂದಿತು. ಜೋಡಿ ಅಂತ ಅದ. ಬದಲಿಗೆ ಅಂತ ಇಲ್ಲ. ಹ್ಯಾಂಡ್‌ಬಿಲ್ ಬರೆದವರು ಈ ಒಂದು ಶಬ್ದ ನುಂಗಿಬಿಟ್ಟರು.

ಬಿ.ಪಿ. ಏರಿದ್ದು ಬಹಳ ಮಂದಿಗೆ ಗೊತ್ತೇ ಆಗೋದಿಲ್ಲ. ತಲೆ ನೋಯೋದಿಲ್ಲ, ಕಣ್ಣು ಕತ್ತಲೆ ಬರೋದಿಲ್ಲ. ಧ್ಯಾನ ಮಾಡಿದವರಿಗೆ ಮನಸ್ಸು ಹಗುರ ಅನಿಸ್ತದ. ಮನಸ್ಸು ಹಗುರ ಆಯಿತು ಅಂದ ಮೇಲೆ ಬಿ.ಪಿ.ಯೂ ಇಳಿದಿರಬೇಕು ಅಂತ ತಿಳೀತೇವೆ. ಅಲ್ಲೇ ನಾವು ಮೋಸ ಹೋಗೋದು. ಒಳಗೊಳಗೇ ಏರಿದ್ದು ಒಂದು ದಿನ ಲಕ್ವಾ ಹೊಡೆಸ್ತದ. ಬಿ.ಪಿ. ಎಷ್ಟಿದೆ ಅಂತ ಯಂತ್ರವೇ ಹೇಳಬೇಕು. ಸಕ್ಕರೆ ರೋಗಕ್ಕೂ ಇದೇ ಮಾತು. ಅದನ್ನು ರಕ್ತಪರೀಕ್ಷೆಯೇ ಹೇಳಬೇಕು. ಗುಳಿಗೆ ಕಡಿಮೆ ಮಾಡೋದಿದ್ದರೆ ಡಾಕ್ಟರು ಅಳೆದು ನೋಡಿ ಮಾಡ್ತಾರ.

ಹಂಗಾದರೆ ಧ್ಯಾನ ಮಾಡಬಾರದೇನು? ಮಾಡ್ರಿ. ಚಿಂತೆ ಕಡಿಮೆಯಾಗಲಿಕ್ಕೆ, ನೋವಿನ ಜೋಡಿ ದಿನ ತೆಗೆಯಲಿಕ್ಕೆ ಅದರಿಂದ ಉಪಯೋಗ ಅದ. ಅದಕ್ಕೆ ಫೀ ಕೊಡಬೇಕಾಗಿಲ್ಲ, ಬಿಳಿ ಬಟ್ಟೆಯೂ ಬೇಕಾಗಿಲ್ಲ. ಆಗ ಹೇಳಿದೆನಲ್ಲ, ಡಾ. ಬೆನ್ಸನ್, ಅವರು 1975ರಲ್ಲಿ ಒಂದು ಪುಸ್ತಕ ಬರೆದು ಸಾದಾ ರೀತಿ ತೋರಿಸಿದರು. ಶಾಂತ ಜಾಗದಲ್ಲಿ ಆರಾಮಾಗಿ ಕೂಡ್ರೋದು. ಕಣ್ಣು ಮುಚ್ಚೋದು. ಪಾದದಿಂದ ಸುರು ಮಾಡಿ ಮುಖದವರೆಗೂ ಮೈ ಸಡಿಲು ಬಿಡೋದು. ಉಸಿರು ಬಿಡುವಾಗೆಲ್ಲ ಮನಸ್ಸಿನಲ್ಲೇ ಒಂದು ಶಬ್ದ ಹೇಳಿಕೊಳ್ಳೋದು. ಶಬ್ದ ಯಾವುದಾದರೂ ನಡೀತದ. ನಿಮ್ಮ ದೇವರ ಹೆಸರು ಆಗಲಿ, ಶಾಂತಿ ಅನ್ನೋದಾಗಲಿ. ಹತ್ತರಿಂದ ಇಪ್ಪತ್ತು ನಿಮಿಷ. ಗಡಿಯಾರ ಬೇಕಾದರೆ ಕಣ್ಣು ತೆರೆದು ನೋಡಬಹುದು, ಅಲಾರಾಂ ಬ್ಯಾಡ ಅಂತಾರ. ಊಟ ಆದ ಕೂಡಲೇ ಕೂಡ್ರಬಾರದು, ಎರಡು ತಾಸು ಬಿಡಬೇಕು.

ಕೂತ ಕೂಡಲೇ ಮನಸ್ಸು ಸಾಲದ ಕಡೆ ಹೋಗ್ತದ, ಮಗಳ ಮದುವೆ ಕಡೆ ಹೋಗ್ತದ, ಒಲೆ ಮೇಲಿನ ಹಾಲಿನ ಕಡೆ ಹೋಗ್ತದ. ಹೋಗಲಿ. ಸಿಟ್ಟು ಮಾಡಿಕೊಳ್ಳಬ್ಯಾಡ್ರಿ. ಬೇಲಿ ಹಾರಿದ ಎಮ್ಮೆಯನ್ನು ಹೊಡೆದರೆ ಇನ್ನೂ ದೂರ ಓಡ್ತದ. ಮೆಲ್ಲಗೆ ಹೊಳ್ಳಿಸಿಕೊಂಡು ಬರ್ರಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಹೊಳ್ಳಿಸಿದರೂ ಅದು ಧ್ಯಾನವೇ. ಹಾಲು ಮಾತ್ರ ಮೊದಲೇ ಇಳಿಸಿ ಕೂಡ್ರಿ.

ಬರುವ ಬುಧವಾರ ಸಂಜೆ ಆಶಾ ಕಾರ್ಯಕರ್ತೆ ಬಿ.ಪಿ. ಯಂತ್ರ ತಗೊಂಡು ನಮ್ಮ ಕೇಂದ್ರಕ್ಕೆ ಬರ್ತಾರ. ಮೂವತ್ತು ದಾಟಿದವರೆಲ್ಲ ಬರ್ರಿ. ಮನೆಯಲ್ಲಿ ಕೂತ ಅತ್ತೆ-ಮಾವಂದಿರನ್ನೂ ಕರಕೊಂಡು ಬರ್ರಿ. ದವಾಖಾನಿ ಚೀಟಿ, ಗುಳಿಗೆ ಪಾಕೀಟು ಎರಡೂ ಕೈಯಲ್ಲಿರಲಿ. ಪಾಕೀಟಿನ ಮೇಲಿನ ತಾರೀಖು ಓದೋದೇ ಅವತ್ತಿನ ಪಾಠ.